ಬುಲ್‌ಪಪ್: ಒಂದು ನಾಯಿಮರಿಯ ಪದಯಾನ

ಬುಲ್‌ಪಪ್ ಎಂದರೆ ಮೊದಲಿಗೆ ಬುಲ್‌ಡಾಗ್ ನಾಯಿಯ ಮರಿ, ಅಷ್ಟೇ. 1887ರಲ್ಲಿ ಬಂದ ಷೆರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲಿ ಡಾಕ್ಟರ್ ವಾಟ್ಸನ್ ತಾನೊಂದು ಬುಲ್‌ಪಪ್ ಇಟ್ಟುಕೊಂಡಿದ್ದೇನೆ ಎನ್ನುತ್ತಾನೆ. ಮುಂದೆ ಆ ಮರಿಯ ಸುಳಿವೇ ಇಲ್ಲವಾಗಿ, ಅದು ನಾಯಿಯೋ, ಮುಂಗೋಪವೋ, ಗಿಡ್ಡ ಪಿಸ್ತೂಲೋ ಎಂದು ಓದುಗರು ತರ್ಕಿಸುತ್ತ ಬಂದಿದ್ದಾರೆ. ಪಿಸ್ತೂಲೆಂಬ ಊಹೆ ಹುರುಳಿಲ್ಲದ್ದೇನಲ್ಲ: ವೆಬ್ಲಿ ಕಂಪನಿ 1872ರಲ್ಲೇ ‘ಬುಲ್‌ಡಾಗ್’ ಎಂಬ ಮೊಂಡುಮೂತಿಯ ರಿವಾಲ್ವರನ್ನು ತಂದಿತ್ತು. ಗಿಡ್ಡ, ದಪ್ಪ, ಕುರೂಪಿ, ಆದರೂ ಕಚ್ಚಿದರೆ ಬಿಡದ್ದು ಎಂಬ ಈ ಅರ್ಥಚ್ಛಾಯೆಯೇ 1930ರ ದಶಕದ ಅಮೆರಿಕದ ಗುರಿಕಾರರ ಮಾತಿನಲ್ಲಿ ಬಂದೂಕಿಗೆ ಅಂಟಿಕೊಂಡಂತಿದೆ.

ಅಲ್ಲಿಂದ ರೂಪವಾಚಿ ಪದ ಮೆಲ್ಲಗೆ ರಚನಾವಾಚಿಯಾಯಿತು. ಇಂದು ಬುಲ್‌ಪಪ್ ಎಂದರೆ ತೋಟೆ ಸಿಡಿಯುವ ಯಂತ್ರಭಾಗವೂ ಮ್ಯಾಗಜಿನ್ನೂ ಟ್ರಿಗರಿನ ಹಿಂದೆ, ಭುಜಕ್ಕೆ ಆನಿಸುವ ಬಟ್ಟಿನೊಳಗೇ ಇರುವ ಬಂದೂಕು. (ಮ್ಯಾಗಜಿನ್ ಅರಬ್ಬಿಯ ‘ಮಖ್ಜನ್’, ಉಗ್ರಾಣ, ನಮ್ಮ ‘ಖಜಾನೆ’ ಅದರ ಒಡಹುಟ್ಟು, ನಾವು ಓದುವ ಮ್ಯಾಗಜಿನ್ನೂ ಅದೇ ಕುಲದ್ದು.) ಆಸ್ಟ್ರಿಯದ ಬುಲ್‌ಪಪ್ ರೈಫಲ್ ಸ್ಟೈರ್ ಆಗ್ ಮತ್ತು ಅಮೆರಿಕದ ಮಾಮೂಲಿ ರಚನೆಯ ರೈಫಲ್ ಎಂ16ಎ1, ಎರಡರ ನಳಿಗೆಯೂ 508 ಮಿ.ಮೀ.; ಆದರೆ ಒಟ್ಟು ಉದ್ದ ಆಗ್‌ನದು 790 ಮಿ.ಮೀ., ಎಂ16ರದು ಸುಮಾರು 990. ನಳಿಗೆ ಮೊಟಕಾಗದೆಯೇ ಬಂದೂಕು ಗಿಡ್ಡವಾಗುವ ಈ ಉಪಾಯ ಪದಕ್ಕಿಂತ ಹಳೆಯದು: 1901ರ ಥಾರ್ನಿಕ್ರಾಫ್ಟ್ ಕಾರ್ಬೈನ್ ಇದೇ ರಚನೆಯದು, ಹೆಸರು ಮಾತ್ರ ಆಗಿನ್ನೂ ಬಂದಿರಲಿಲ್ಲ.

ನನಗೆ ಇದಕ್ಕಿಂತ ಸೊಗಸಾಗಿ ಕಾಣುವುದು ಎದುರಾಳಿಯ ಹೆಸರು. ಫಾರಂ ಕೋಳಿ ಬರುವತನಕ ನಾಟಿಕೋಳಿ ಬರಿಯ ಕೋಳಿಯೇ ಆಗಿತ್ತಲ್ಲ, ಹಾಗೆ ಬುಲ್‌ಪಪ್ ಬರುವತನಕ ಉಳಿದದ್ದೆಲ್ಲ ಬರಿಯ ರೈಫಲ್. ಅದು ಬಂದ ಮೇಲೆಯೇ ಇದಕ್ಕೆ ‘ಸಾಂಪ್ರದಾಯಿಕ’ ಎಂಬ ವಿಶೇಷಣ ಬೇಕಾಯಿತು. ಸಂಪ್ರದಾಯದ ಪರವಾದ ವಾದಗಳೂ ಗಟ್ಟಿಯೇ: ಬುಲ್‌ಪಪ್ಪಿನಲ್ಲಿ ಟ್ರಿಗರಿನಿಂದ ಹಿಂದಕ್ಕೆ ಉದ್ದನೆಯ ಸರಳು ಹಾಯಬೇಕು, ಎಳೆತದ ನಯ ಕೆಡುತ್ತದೆ, ಎಡಭುಜಕ್ಕೆ ಆನಿಸಿದರೆ ಖಾಲಿ ತೋಟೆ ಕೆನ್ನೆಯ ಬಳಿಯೇ ಹಾರುತ್ತದೆ, ಮ್ಯಾಗಜಿನ್ ಬದಲಿಸಲು ಕೈ ಕಂಕುಳ ಹತ್ತಿರ ಸರಿಯಬೇಕು.

ಫ್ರೆಂಚ್ ಸೈನಿಕರು ತಮ್ಮ ಫಾಮಾಸ್ ಬುಲ್‌ಪಪ್ಪಿನಲ್ಲಿ ನಾಯಿಯನ್ನು ಕಾಣಲಿಲ್ಲ, ಆಕಾರ ನೋಡಿ ‘ಕ್ಲೇರೋನ್’, ಅಂದರೆ ಕಹಳೆ, ಎಂದರು. 2017ರಿಂದ ಆ ಕಹಳೆಯ ಜಾಗಕ್ಕೆ ಸಾಂಪ್ರದಾಯಿಕ ರಚನೆಯ ಜರ್ಮನ್ ರೈಫಲ್ ಬರತೊಡಗಿತು.