ನಾಯಿಗಳಿಗೆ ಹುಚ್ಚು ಹಿಡಿಸಿದ ಬಿಳಿ ಹಿಟ್ಟು

ಈಗ ನಮ್ಮ ಹೋಬಳಿ ಊರುಗಳ ಕಿರಾಣಿ ಅಂಗಡಿಯಲ್ಲೂ ನಾಯಿ ಆಹಾರದ ಪ್ಯಾಕೆಟ್ ಸಿಗುತ್ತದೆ. ಶಾಂಪೂ, ಚಿಪ್ಸ್ ಸರಗಳ ಪಕ್ಕದಲ್ಲೇ ಅದೂ ನೇತಾಡುತ್ತಿರುತ್ತದೆ. ಮುದ್ದೆ, ಅನ್ನ, ಮಜ್ಜಿಗೆ ತಿಂದು ನಾಯಿ ಬೆಳೆದ ಮನೆಗಳಲ್ಲೇ ಈಗ ಮರಿಗೆ ಪ್ಯಾಕೆಟ್ ಆಹಾರ ಹಾಕುತ್ತಾರೆ. ವರದಿಗೆಂದು ಊರೂರು ತಿರುಗುವಾಗ ನಮ್ಮನ್ನು ಜನ ಕೇಳುವುದುಂಟು: "ಇದಕ್ಕೆ ಏನೇನು ಬೆರೆಸಿರ್ತಾರೆ ಸಾರ್? ತಿಂದ್ರೆ ನಾಯಿಗೆ ಏನೂ ಆಗಲ್ವಾ?"

ಈ ಪ್ರಶ್ನೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ಕಥೆ ಗೊತ್ತಿದ್ದರೆ ನಮ್ಮ ಕೈಯಲ್ಲಿರುವ ಪ್ಯಾಕೆಟ್ಟನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಬಿಸ್ಕತ್ತು ಬಂದದ್ದು ಹೀಗೆ

ನಾಯಿಗೆಂದೇ ಕಾರ್ಖಾನೆಯಲ್ಲಿ ಆಹಾರ ಮಾಡಿ ಮಾರುವುದು ದೊಡ್ಡದಾಗಿ ಶುರುವಾದದ್ದು 1860ರ ಸುಮಾರಿಗೆ, ಲಂಡನ್ನಿನಲ್ಲಿ. ಶುರುಮಾಡಿದವನು ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು. ಅವನ ಅಸಲು ವ್ಯಾಪಾರ ಸಿಡಿಲು ತಡೆಯುವ ಕಂಬಿಗಳದ್ದು. ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಬಂದರಿನ ನಾಯಿಗಳು ಕಚ್ಚಾಡಿ ತಿನ್ನುವುದನ್ನು ನೋಡಿ ಅವನಿಗೆ ಈ ಯೋಚನೆ ಬಂತು ಎಂದು ಹೇಳುತ್ತಾರೆ. ಗೋಧಿ, ತರಕಾರಿ, ಬೀಟ್‌ರೂಟ್, ಒಣ ಮಾಂಸ ಸೇರಿಸಿ ನಾಯಿ ಬಿಸ್ಕತ್ತು ಮಾಡಿದ. ವ್ಯಾಪಾರ ಚೆನ್ನಾಗಿ ಕುದುರಿತು.

ಅಲ್ಲಿಂದ ಮುಂದೆ ಎಷ್ಟೋ ನಾಯಿಗಳ ಮುಖ್ಯ ಊಟ ಗೋಧಿ ಹಿಟ್ಟಿನ ಬಿಸ್ಕತ್ತೇ ಆಯಿತು. ಮನುಷ್ಯರು ಬೆಳಿಗ್ಗೆ ಒಂದು, ರಾತ್ರಿ ಒಂದು ತಿನ್ನುತ್ತಾರೆ. ನಾಯಿ ಹಾಗಲ್ಲ, ಹಾಕಿದ್ದನ್ನೇ ದಿನಾ ತಿನ್ನುತ್ತದೆ. ಈ ಮಾತು ನೆನಪಿರಲಿ.

ಹಿಟ್ಟು ಬೆಳ್ಳಗಾಗಬೇಕು

ಆಗತಾನೇ ಬೀಸಿದ ಗೋಧಿ ಹಿಟ್ಟು ಸ್ವಲ್ಪ ಹಳದಿ ಇರುತ್ತದೆ. ಅದರ ಬ್ರೆಡ್ಡೂ ಚೆನ್ನಾಗಿ ಉಬ್ಬುವುದಿಲ್ಲ. ಕೆಲವು ವಾರ, ತಿಂಗಳು ಗೋದಾಮಿನಲ್ಲಿಟ್ಟರೆ ಗಾಳಿ ತಾಗಿ ತಾನಾಗಿ ಬಿಳುಪಾಗುತ್ತದೆ, ಹದಕ್ಕೂ ಬರುತ್ತದೆ. ಆದರೆ ಮಿಲ್ಲಿನವರಿಗೆ ಅಷ್ಟು ದಿನ ಕಾಯುವುದೆಂದರೆ ಬಂಡವಾಳ ಕಟ್ಟಿಹಾಕಿದ ಹಾಗೆ.

1920ರ ದಶಕದಲ್ಲಿ ಇದಕ್ಕೊಂದು ಉಪಾಯ ಬಂತು. ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಅನಿಲವನ್ನು ಗಾಳಿಯಲ್ಲಿ ತೀರ ತೆಳುವಾಗಿ ಬೆರೆಸಿ ಹಿಟ್ಟಿಗೆ ಹಾಯಿಸುವುದು. ವ್ಯಾಪಾರದಲ್ಲಿ ಇದರ ಹೆಸರು 'ಏಜೀನ್'. ತಿಂಗಳುಗಟ್ಟಲೆ ಆಗುವ ಕೆಲಸ ಬೇಗನೆ ಮುಗಿಯಿತು. ಗಟ್ಟಿಯಾಗಿದ್ದಾಗ ಈ ರಾಸಾಯನಿಕ ಎಂಥದ್ದು ಗೊತ್ತೇ? 1811ರ ಹೊತ್ತಿಗೆ ಇದನ್ನು ಮೊದಲು ತಯಾರಿಸಿದ ಫ್ರಾನ್ಸಿನ ವಿಜ್ಞಾನಿ ಪಿಯರ್ ಡ್ಯೂಲಾಂಗ್, ಅದು ಸಿಡಿದು ಒಂದು ಕಣ್ಣನ್ನೂ ಬೆರಳುಗಳನ್ನೂ ಕಳೆದುಕೊಂಡಿದ್ದ. ಆದರೆ ಹಿಟ್ಟಿಗೆ ಹಾಯಿಸುವುದು ತೀರ ಸ್ವಲ್ಪ, ಆಮೇಲೆ ಅನಿಲ ಉಳಿಯುವುದೂ ಇಲ್ಲ, ಹಾಗಾಗಿ ಭಯವಿಲ್ಲ ಎಂದು ನಂಬಿದರು. ಬ್ರಿಟನ್, ಅಮೆರಿಕದ ಬಿಳಿ ಹಿಟ್ಟಿನ ಹೆಚ್ಚಿನ ಪಾಲು ಹೀಗೇ ತಯಾರಾಗತೊಡಗಿತು. ಜನರ ಬ್ರೆಡ್ಡಿಗೂ ಅದೇ ಹಿಟ್ಟು, ನಾಯಿಯ ಬಿಸ್ಕತ್ತಿಗೂ ಅದೇ ಹಿಟ್ಟು.

ಓಡುವ ನಾಯಿಗಳು

ಅದೇ ವರ್ಷಗಳಲ್ಲಿ ನಾಯಿಗಳಲ್ಲಿ ಒಂದು ವಿಚಿತ್ರ ಕಾಯಿಲೆ ಹೆಚ್ಚಿತು. ಸುಮ್ಮನೆ ಮಲಗಿದ್ದ ನಾಯಿ ದಿಢೀರನೆ ಎದ್ದು, ಏನನ್ನೋ ಕಂಡು ಬೆದರಿದಂತೆ ಬೊಗಳುತ್ತಾ ಓಡುತ್ತಿತ್ತು. ಗೋಡೆ, ಬೇಲಿ ಯಾವುದರ ಪರಿವೆಯೂ ಇಲ್ಲ. ಯಜಮಾನನ ಗುರುತೂ ಇಲ್ಲ. ಕೆಲವಕ್ಕೆ ಫಿಟ್ಸ್ ಬಂದು ಕೈಕಾಲು ಸೆಟೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಏನೂ ಆಗದ ಹಾಗೆ ಎದ್ದು ಕೂರುತ್ತಿತ್ತು. ಪಶುವೈದ್ಯರು ಇದನ್ನು 'ನಾಯಿ ಹಿಸ್ಟೀರಿಯಾ' ಎಂದರು. ನೋಡಿದವರಿಗೆ ಮಾತ್ರ ಹುಚ್ಚುನಾಯಿಯೇ ಅನ್ನಿಸುವ ಹಾಗಿತ್ತು.

ಹೊಟ್ಟೆಹುಳ ಎಂದರು ಕೆಲವರು. ಸೋಂಕು ಎಂದರು ಇನ್ನು ಕೆಲವರು. ವಿಟಮಿನ್ ಕೊರತೆ ಎಂದವರೂ ಇದ್ದರು. ಬಿಸ್ಕತ್ತು ಬಿಡಿಸಿ ಮಾಂಸ ಹಾಕಿದರೆ ನಾಯಿ ಸುಧಾರಿಸುತ್ತದೆ ಎಂಬುದನ್ನು ಸಾಕಿದವರು ಕಂಡುಕೊಂಡಿದ್ದರು. ಆದರೆ ಬಿಸ್ಕತ್ತಿನಲ್ಲಿ ಏನಿದೆ ಎಂದು ತೋರಿಸಿಕೊಟ್ಟವರಿರಲಿಲ್ಲ.

ತೋರಿಸಿದವರು ಸರ್ ಎಡ್ವರ್ಡ್ ಮೆಲ್ಲನ್‌ಬಿ. ಮಕ್ಕಳ ಮೂಳೆ ಸೊಟ್ಟಗಾಗುವ ರಿಕೆಟ್ಸ್ ರೋಗಕ್ಕೆ ಆಹಾರದ ಕೊರತೆ ಕಾರಣ ಎಂದು 1919ರ ಹೊತ್ತಿಗೇ ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದವರು ಇವರೇ. ಹಿಸ್ಟೀರಿಯಾಕ್ಕೂ ಅದೇ ನೇರ ದಾರಿ ಹಿಡಿದರು. ಏಜೀನ್ ಹಾಯಿಸಿದ ಹಿಟ್ಟು ತಿಂದ ನಾಯಿಗಳಿಗೆ ಹಿಸ್ಟೀರಿಯಾ ಬಂತು. ಹಾಯಿಸದ ಹಿಟ್ಟು ತಿಂದವಕ್ಕೆ ಬರಲಿಲ್ಲ. 1946ರ ಡಿಸೆಂಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಈ ವರದಿಯನ್ನು ಪ್ರಕಟಿಸಿತು.

ಅನಿಲ ಹೋಯಿತು, ವಿಷ ಉಳಿಯಿತು

ಅನಿಲ ಉಳಿಯುವುದಿಲ್ಲ ಎಂದ ಮೇಲೆ ನಾಯಿಗೆ ಕಾಟ ಕೊಟ್ಟದ್ದು ಏನು? ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ ಅದೂ ಗೊತ್ತಾಯಿತು. ಗೋಧಿಯ ಪ್ರೋಟೀನಿನಲ್ಲಿ ಮೆಥಿಯೋನಿನ್ ಎಂಬ ಅಂಶವಿದೆ. ಏಜೀನ್ ಅದರ ಜೊತೆ ಸೇರಿ ಮೆಥಿಯೋನಿನ್ ಸಲ್ಫಾಕ್ಸಿಮಿನ್ ಎಂಬ ಹೊಸ ವಸ್ತುವನ್ನೇ ಹುಟ್ಟಿಸುತ್ತಿತ್ತು. ಮಿದುಳಿನಲ್ಲಿ ಅಮೋನಿಯಾವನ್ನು ಹದ್ದುಬಸ್ತಿನಲ್ಲಿಡುವ ಒಂದು ಕಿಣ್ವವಿದೆ. ಈ ಹೊಸ ವಸ್ತು ಅದನ್ನೇ ತಡೆಯುತ್ತದೆ. ಹೀಗೆ ಮಿದುಳಿನ ಕೆಲಸ ಹಳಿ ತಪ್ಪಿ ನಾಯಿ ಬೆದರಿ ಓಡುತ್ತಿತ್ತು.

ಎಲ್ಲರೂ ಹಾಕಿದ್ದು ಏನು, ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರು. ಹಾಕಿದ್ದು ಆಹಾರದೊಳಗೆ ಹೋಗಿ ಏನಾಗುತ್ತದೆ ಎಂದು ಯಾರೂ ನೋಡಿರಲಿಲ್ಲ.

ಮನುಷ್ಯರ ಮೇಲೆ ಪರೀಕ್ಷೆ ಮಾಡಿದಾಗ ಅಂಥ ತೊಂದರೆ ಕಾಣಲಿಲ್ಲ. ಆದರೂ ನಾಯಿಗೆ ಫಿಟ್ಸ್ ತರಿಸುವ ಹಿಟ್ಟನ್ನು ಮಕ್ಕಳ ಬ್ರೆಡ್ಡಿಗೆ ಹಾಕುವುದನ್ನು ಒಪ್ಪಲಾಗಲಿಲ್ಲ. ಅಮೆರಿಕ 1949ರಲ್ಲೇ ಕೈಬಿಟ್ಟಿತು. ಬ್ರಿಟನ್ 1950ರ ದಶಕದ ನಡುವಿನವರೆಗೂ ಎಳೆದಾಡಿ ಆಮೇಲೆ ನಿಲ್ಲಿಸಿತು.

ಮತ್ತೆ ಗೋಧಿ, ಮತ್ತೆ ನಾಯಿ

ಕಥೆ ಅಲ್ಲಿಗೇ ಮುಗಿಯಲಿಲ್ಲ. 2007ರಲ್ಲಿ ಉತ್ತರ ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಕಿಡ್ನಿ ಕೆಟ್ಟು ಸಾಯತೊಡಗಿದವು. ಮೊದಲ ಸುತ್ತಿನಲ್ಲೇ ಸುಮಾರು 6 ಕೋಟಿ ಡಬ್ಬಿ, ಪೊಟ್ಟಣಗಳನ್ನು ವಾಪಸ್ ತರಿಸಬೇಕಾಯಿತು. ಚೀನಾದಿಂದ ಬಂದ ಗೋಧಿ ಗ್ಲುಟನ್‌ನಲ್ಲಿ ಮೆಲಮೈನ್ ಇತ್ತು. ಅದು ಪ್ಲಾಸ್ಟಿಕ್ ಸಾಮಾನಿಗೆ ಬಳಸುವ ರಾಸಾಯನಿಕ. ಪ್ರೋಟೀನ್ ಎಷ್ಟಿದೆ ಎಂದು ನೋಡಲು ನೈಟ್ರೋಜನ್ ಅಳೆಯುತ್ತಾರೆ. ಮೆಲಮೈನ್ ತುಂಬ ನೈಟ್ರೋಜನ್ ಇರುವುದರಿಂದ ಪರೀಕ್ಷೆಯಲ್ಲಿ ಪ್ರೋಟೀನ್ ಜಾಸ್ತಿ ಇದ್ದಂತೆ ಕಾಣುತ್ತದೆ. ಏಜೀನ್ ಕಾನೂನು ಒಪ್ಪಿದ ಪದ್ಧತಿಯಾಗಿತ್ತು. ಇದು ಶುದ್ಧ ಕಲಬೆರಕೆ.

ಮರುವರ್ಷ, 2008ರಲ್ಲಿ, ಅದೇ ಮೆಲಮೈನ್ ಚೀನಾದ ಹಾಲಿನ ಪುಡಿಯಲ್ಲಿ ಸಿಕ್ಕಿತು. ಸುಮಾರು 3 ಲಕ್ಷ ಹಸುಗೂಸುಗಳಿಗೆ ಕಾಯಿಲೆಯಾಯಿತು. 6 ಕೂಸುಗಳು ತೀರಿಕೊಂಡವು. ನಾಯಿಯ ತಟ್ಟೆಯಲ್ಲಿ ಒಂದು ವರ್ಷ ಮೊದಲೇ ಕಂಡದ್ದು ಮಗುವಿನ ಬಾಟಲಿಗೆ ಬಂದು ಮುಟ್ಟಿತ್ತು.

ನಮಗೇನು ಪಾಠ?

ಪ್ಯಾಕೆಟ್ ಎಲ್ಲ ವಿಷ, ಮನೆ ಊಟವೇ ಅಮೃತ ಎಂದು ನಾವು ಹೇಳುತ್ತಿಲ್ಲ. ಈರುಳ್ಳಿ ಹಾಕಿದ ಸಾರು ನಾಯಿಯ ರಕ್ತಕ್ಕೆ ಕೆಡುಕು. ಚಾಕೊಲೇಟ್, ದ್ರಾಕ್ಷಿಯೂ ಹಾಗೆಯೇ. ನಾಯಿಯ ಆಹಾರವನ್ನು ಬೆಕ್ಕಿಗೆ ಹಾಕುವುದೂ ಸರಿಯಲ್ಲ. ಆಹಾರ ಮೆತ್ತಗಿರಲೆಂದು ಹಾಕುವ ಪ್ರೊಪಿಲೀನ್ ಗ್ಲೈಕಾಲ್ ಬೆಕ್ಕಿನ ರಕ್ತಕಣಗಳನ್ನು ಕೆಡಿಸುತ್ತದೆ ಎಂದು ಅಮೆರಿಕ 1996ರಲ್ಲಿ ಬೆಕ್ಕಿನ ಆಹಾರದಲ್ಲಿ ಅದನ್ನು ನಿಷೇಧಿಸಿತು.

ಹೊಸ ಪ್ಯಾಕೆಟ್ ಶುರುಮಾಡುವಾಗ ಒಂದು ವಾರ ಹಳೆಯದರ ಜೊತೆ ಬೆರೆಸಿ ನಿಧಾನವಾಗಿ ಬದಲಿಸಿ. ಖಾಲಿಯಾಗುವ ತನಕ ಚೀಟಿ, ಬ್ಯಾಚ್ ನಂಬರ್ ಇರುವ ಕವರನ್ನು ಎಸೆಯಬೇಡಿ. ನಾಯಿಯ ಗುಣ ಬದಲಾದರೆ, ವಾಂತಿ, ಅತಿಯಾದ ಬಾಯಾರಿಕೆ, ಫಿಟ್ಸ್ ಕಂಡರೆ ಆ ಕವರನ್ನೂ ಹಿಡಿದುಕೊಂಡು ಪಶು ಆಸ್ಪತ್ರೆಗೆ ಹೋಗಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ.

ಒಂದು ಎಚ್ಚರಿಕೆ. ನಮ್ಮಲ್ಲಿ ರೇಬೀಸ್ ಇನ್ನೂ ಇದೆ. ನಾಯಿ ಬೆದರಿ ಓಡುತ್ತಿದ್ದರೆ ಹತ್ತಿರ ಹೋಗಬೇಡಿ, ಮಕ್ಕಳನ್ನು ದೂರವಿಡಿ, ಪಶುವೈದ್ಯರಿಗೆ ಹೇಳಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಆದರೆ ಮನೆಯಲ್ಲಿ ಸಾಕಿದ ನಾಯಿ ಒಂದು ದಿನ ವಿಚಿತ್ರವಾಗಿ ಆಡಿತೆಂದು ದೊಣ್ಣೆ ಎತ್ತುವ ಮುಂಚೆ, ಅದು ಏನು ತಿಂದಿತ್ತು ಎಂದು ಒಮ್ಮೆ ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕ ದಿನವೇ ಜನ ತಮ್ಮ ತಟ್ಟೆಯಲ್ಲಿದ್ದ ಬ್ರೆಡ್ಡಿನ ಕಡೆಗೂ ತಿರುಗಿ ನೋಡಬೇಕಾಯಿತು.