ಮತ್ತೆ ಕಟ್ಟಿದ ಪರೀಕ್ಷೆ

ನಮ್ಮ ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆದವರು ಅವುಗಳ ಸ್ಥಾಪನೆಯ ಶಾಸನಗಳನ್ನೂ, ಕುಲಪತಿಗಳ ಪರಂಪರೆಯನ್ನೂ, ಅಲ್ಲಿ ಪದವಿ ಪಡೆದು ನಾಡಿಗೆ ಕೀರ್ತಿ ತಂದವರ ನಾಮಾವಳಿಯನ್ನೂ ಆದರದಿಂದ ನಿರೂಪಿಸಿದ್ದಾರೆ. ಆದರೆ ಆ ಸಂಸ್ಥೆಗಳ ಹೆಬ್ಬಾಗಿಲಿನವರೆಗೆ ಬಂದು, ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣರಾಗದೆ ಹಿಂದಿರುಗಿ, ಓದಿದ ಪುಸ್ತಕಗಳನ್ನೇ ಇನ್ನೊಂದು ವರ್ಷ ಓದಿ, ಮತ್ತೆ ಫೀಸು ಕಟ್ಟಿ, ಮತ್ತೆ ಅದೇ ಬಾಗಿಲಿನೆದುರು ನಿಂತ ಸಹಸ್ರಾರು ಹುಡುಗರ ವಿಷಯ ಆ ಗ್ರಂಥಗಳಲ್ಲಿ ಬರುವುದು ಅಪರೂಪ. ಬಂದರೂ ಶೇಕಡಾವಾರು ಲೆಕ್ಕದ ಯಾವುದೋ ಒಂದು ಅಂಕಣದಲ್ಲಿ ಅಡಗಿಹೋಗಿರುತ್ತದೆ. ಆ ಎರಡನೆಯ ವರ್ಷ ಹುಡುಗನ ಮಂದಬುದ್ಧಿಯಿಂದಲೋ ಸೋಮಾರಿತನದಿಂದಲೋ ಒದಗಿದ್ದೆಂದು ಮನೆಯವರೂ ಮೇಷ್ಟರೂ ನಂಬಿದರು, ಹುಡುಗನೂ ನಂಬಿದ. ಅದು ಬಹುಮಟ್ಟಿಗೆ ಪರೀಕ್ಷೆಯ ನಿಯಮಾವಳಿಯಿಂದಲೇ ಹುಟ್ಟಿದ್ದೆಂಬುದು, ಆ ನಿಯಮಗಳು ಎಲ್ಲಿಂದ ಬಂದುವು, ಹೇಗೆ ನಡೆದುವು ಎಂಬುದನ್ನು ಸಾವಧಾನವಾಗಿ ನೋಡಿದವರಿಗೆ ವೇದ್ಯವಾಗುತ್ತದೆ.

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಇಂಗ್ಲಿಷ್ ವಿದ್ಯಾಭ್ಯಾಸ ಪಡೆದವರಿಗೆ ಸರ್ಕಾರಿ ನೌಕರಿಯಲ್ಲಿ ಪ್ರಾಶಸ್ತ್ಯ ಕೊಡತಕ್ಕದ್ದೆಂದು ಸಾರಿದ ಮೇಲೆ, ಯಾರು ಎಷ್ಟು ಕಲಿತಿದ್ದಾರೆಂಬುದನ್ನು ಅಳೆಯುವ ಸಾಧನವೊಂದು ಆ ಸರ್ಕಾರಕ್ಕೆ ಬೇಕಾಯಿತು. 1854ರಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣ ನಿರೂಪದ ಫಲವಾಗಿ 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಮೂರು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವು. ಅವುಗಳಿಗೆ ಮಾದರಿಯಾದದ್ದು ಲಂಡನ್ ವಿಶ್ವವಿದ್ಯಾನಿಲಯ. 1836ರಲ್ಲಿ ಸನ್ನದು ಪಡೆದ ಆ ಸಂಸ್ಥೆ ಆಗ ತಾನಾಗಿ ಪಾಠ ಹೇಳುತ್ತಿರಲಿಲ್ಲ. ಪಾಠವನ್ನು ಕಾಲೇಜುಗಳಿಗೆ ಬಿಟ್ಟು, ಪರೀಕ್ಷೆ ನಡೆಸುವುದನ್ನೂ ಪದವಿ ಕೊಡುವುದನ್ನೂ ಮಾತ್ರ ತನ್ನ ಕರ್ತವ್ಯವಾಗಿಟ್ಟುಕೊಂಡಿದ್ದಿತು. ನಮ್ಮ ಮೂರು ವಿಶ್ವವಿದ್ಯಾನಿಲಯಗಳೂ ಹಾಗೆಯೇ ನಡೆದುವು. ಗುರು ಶಿಷ್ಯನನ್ನು ದಿನದಿನವೂ ಎದುರಿಗಿಟ್ಟುಕೊಂಡು ಅವನ ಶಕ್ತಿಯನ್ನು ಅರಿಯುತ್ತಿದ್ದ ನಾಡಿನಲ್ಲಿ, ಶಿಷ್ಯನ ಮುಖವನ್ನೇ ಕಾಣದ ಪರೀಕ್ಷಕನೊಬ್ಬ ನೂರಾರು ಮೈಲಿ ದೂರದಲ್ಲಿ ಕುಳಿತು, ಮೂರು ಗಂಟೆಯ ಬರೆಹದಿಂದ ಅವನ ಭವಿಷ್ಯವನ್ನು ನಿರ್ಣಯಿಸುವ ಪದ್ಧತಿ ಹೀಗೆ ನೆಲೆಯೂರಿತು.

ಮೊದಲಿನಿಂದಲೂ ಆ ನಿರ್ಣಯ ಕಠಿಣವಾಗಿದ್ದಿತು. 1858ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯ ನಡೆಸಿದ ಮೊತ್ತಮೊದಲ ಬಿ.ಎ. ಪರೀಕ್ಷೆಗೆ ಕುಳಿತವರು 10 ಮಂದಿ. ಉತ್ತೀರ್ಣರೆಂದು ಘೋಷಿತರಾದವರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಮತ್ತು ಜದುನಾಥ ಬೋಸರು ಇಬ್ಬರೇ. ಆ ಇಬ್ಬರೂ ಒಂದು ವಿಷಯದಲ್ಲಿ ಕೊರತೆಬಿದ್ದಿದ್ದುದರಿಂದ, ಏಳಕ್ಕೆ ಮೀರದಷ್ಟು ಕೃಪಾಂಕಗಳನ್ನು ಸಿಂಡಿಕೇಟಿನವರು ದಯಪಾಲಿಸಿದ ಮೇಲೆಯೇ ಅವರಿಗೆ ಪದವಿ ಲಭಿಸಿತು. ಮುಂದೆ ಬಂಗಾಳೀ ಗದ್ಯಕ್ಕೆ ಹೊಸ ರೂಪ ಕೊಟ್ಟ ಪುರುಷನೇ ಆ ತೂಕದಲ್ಲಿ ಕೆಲವು ಅಂಕಗಳ ಕೊರತೆಯವನೆನಿಸಿಕೊಂಡನೆಂದ ಮೇಲೆ, ತೂಕ ಎಂಥದೆಂದು ಅಂದಿನ ಹಿರಿಯರು ಯೋಚಿಸಬಹುದಾಗಿತ್ತು. ಯೋಚಿಸಿದಂತೆ ಕಾಣುವುದಿಲ್ಲ.

ಆ ನಿಯಮಗಳಲ್ಲಿ ಮೂರು ಅಂಶಗಳು ಮುಖ್ಯವಾದುವು. ಕನ್ನಡವನ್ನೋ ತಮಿಳನ್ನೋ ಆಡುತ್ತ ಬೆಳೆದ ಹುಡುಗ ಚರಿತ್ರೆ, ಭೂಗೋಳ, ಗಣಿತಗಳ ಉತ್ತರವನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕಾಗಿದ್ದುದರಿಂದ ಪ್ರತಿಯೊಂದು ವಿಷಯದ ಪರೀಕ್ಷೆಯೂ ಒಳಗೊಳಗೆ ಇಂಗ್ಲಿಷಿನ ಪರೀಕ್ಷೆಯೇ ಆಗಿದ್ದಿತು. ಎಲ್ಲ ವಿಷಯಗಳಲ್ಲಿಯೂ ಒಂದೇ ಸಲಕ್ಕೆ ತೇರ್ಗಡೆಯಾಗಬೇಕು. ಒಂದರಲ್ಲಿ ತಪ್ಪಿದರೂ ಉಳಿದುವುಗಳಲ್ಲಿ ಗಳಿಸಿದ್ದೆಲ್ಲ ನಷ್ಟವಾಗಿ, ಬಂದ ವಿಷಯಗಳನ್ನೂ ಬಾರದ ವಿಷಯದೊಡನೆ ಮತ್ತೆ ಬರೆಯಬೇಕು. ಇದರ ಮೇಲೆ, ಪರೀಕ್ಷೆ ವರ್ಷಕ್ಕೆ ಒಂದೇ ಸಲ. ಇವು ಮೂರೂ ಕೂಡಿದಾಗ, ಬೀಜಗಣಿತದಲ್ಲಿ ಎರಡು ಅಂಕ ಕಡಮೆಯಾದವನಿಗೂ ಏನೂ ಓದದೆ ಕಾಲಹರಣ ಮಾಡಿದವನಿಗೂ ಒಂದೇ ದಂಡನೆಯಾಯಿತು. ಆ ದಂಡನೆ ಒಂದು ಪೂರ್ಣ ವರ್ಷ.

ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಈ ದಂಡನೆಯನ್ನೂ ಹಲವು ಕೈಗಳಿಂದ ಉಂಡರು. ಧಾರವಾಡ, ಬೆಳಗಾಂವಿಗಳ ಹುಡುಗರು ಬೊಂಬಾಯಿಯ ಪ್ರವೇಶ ಪರೀಕ್ಷೆಯಾದ ಮೆಟ್ರಿಕ್ಕಿಗೆ ಕೂಡುತ್ತಿದ್ದರು; ಮಂಗಳೂರು, ಬಳ್ಳಾರಿಗಳವರು ಮದರಾಸಿನದಕ್ಕೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ ಇದ್ದರೂ, ಮಹಾರಾಜಾ ಕಾಲೇಜು, ಸೆಂಟ್ರಲ್ ಕಾಲೇಜುಗಳು ಮದರಾಸಿಗೆ ಅಧೀನವಾಗಿದ್ದುದರಿಂದ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸುವ ಪರ್ಯಂತ ಮೈಸೂರಿನ ಹುಡುಗನ ಹಣೆಬರಹವೂ ಮದರಾಸಿನಲ್ಲಿಯೇ ಬರೆಯಲ್ಪಡುತ್ತಿದ್ದಿತು.

ಫಲಿತಾಂಶ ಗೆಜೆಟ್ಟಿನಲ್ಲಿ ಬರುತ್ತಿದ್ದಿತು. ತೇರ್ಗಡೆಯಾದವರ ನಂಬರುಗಳನ್ನು ಮಾತ್ರ ಅಲ್ಲಿ ಅಚ್ಚುಮಾಡುತ್ತಿದ್ದರು. ಆಗದವನಿಗೆ ತಿಳಿಯುತ್ತಿದ್ದುದು, ತನ್ನ ಹಿಂದಿನ ನಂಬರಿಗೂ ಮುಂದಿನ ನಂಬರಿಗೂ ನಡುವೆ ತನ್ನದು ಇಲ್ಲವೆಂಬುದು. ಯಾವ ವಿಷಯದಲ್ಲಿ, ಎಷ್ಟಕ್ಕೆ, ಏತಕ್ಕೆ ತಪ್ಪಿತೆಂಬುದನ್ನು ಆ ಕಾಗದ ಹೇಳುತ್ತಿರಲಿಲ್ಲ.

ಆ ಮೇಲಿನ ವರ್ಷ ಎಂಥದಿದ್ದಿತೆಂಬುದು ವಾರಾನ್ನದ ಹುಡುಗನನ್ನು ನೆನೆದರೆ ಚೆನ್ನಾಗಿ ಮನಸ್ಸಿಗೆ ಬರುತ್ತದೆ. ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿ ಮೈಸೂರಿನ ಅಗ್ರಹಾರದಲ್ಲಿಯೋ ಬೆಂಗಳೂರಿನ ಪೇಟೆಯಲ್ಲಿಯೋ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಸೋಮವಾರಕ್ಕೊಂದು, ಮಂಗಳವಾರಕ್ಕೊಂದು ಎಂದು ಊಟಮಾಡಿ ಓದುತ್ತಿದ್ದನು. ಆ ಏರ್ಪಾಟು ಪರೀಕ್ಷೆಯವರೆಗಿನದು. ನಪಾಸಾದ ಮೇಲೆ ಅವನು ಆ ಏಳು ಮನೆಗಳಿಗೂ ಮತ್ತೆ ಹೋಗಬೇಕು. ಪ್ರತಿಯೊಂದು ಮನೆಯ ನಡುಮನೆಯಲ್ಲಿಯೂ ನಿಂತು, "ಅಮ್ಮಾ, ಈ ಸಲ ಆಗಲಿಲ್ಲ, ಇನ್ನೊಂದು ವರ್ಷ ನಡೆಸಿಕೊಡಬೇಕು" ಎಂದು ಏಳು ಸಲ ಬಾಯಿಬಿಟ್ಟು ಹೇಳಬೇಕು. ಆ ಏಳರಲ್ಲಿ ಎರಡು ಮನೆಯವರು ಅಷ್ಟರಲ್ಲಿ ಇನ್ನೊಬ್ಬ ಹುಡುಗನಿಗೆ ಮಾತು ಕೊಟ್ಟಿದ್ದರೆ ವಾರಕ್ಕೆ ಎರಡು ದಿನ ಅವನಿಗೆ ಅವಲಕ್ಕಿಯೇ ಗತಿ. ಪಂಕ್ತಿಯಲ್ಲಿ ಕುಳಿತಾಗ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ "ಈ ಸಾರಿಯಾದರೂ ಗಮನವಿಟ್ಟು ಓದಪ್ಪ" ಎಂದರೂ ಆ ಅನ್ನ ಗಂಟಲಿನಲ್ಲಿ ಇಳಿಯುವುದು ಸುಲಭವಲ್ಲ. ತರುವಾಯದ ದಿನಗಳಲ್ಲಿ ಮಠಗಳೂ ಜನಾಂಗದ ಸಂಘಗಳೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದು ಮಾಡಿದ ಉಪಕಾರ ಎಷ್ಟು ದೊಡ್ಡದೆಂಬುದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ಶಾಲೆಗೆ ಮತ್ತೆ ಸೇರಿ ಸಂಬಳ ಕೊಡಲಾರದವನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುತ್ತಿದ್ದನು. ಹಗಲು ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಪ್ರೈಮರಿ ಶಾಲೆಯಲ್ಲಿ ಮೇಷ್ಟರ ಕೆಲಸ ಮಾಡುವುದು, ರಾತ್ರಿ ದೀಪದ ಬುಡದಲ್ಲಿ ಓದುವುದು. ಇಂಥವರನ್ನೇ ನೆಚ್ಚಿ ಟ್ಯುಟೋರಿಯಲ್‌ಗಳು ಪಟ್ಟಣಗಳಲ್ಲಿ ಹುಟ್ಟಿಕೊಂಡುವು. ನೌಕರಿಗೆ ವಯೋಮಿತಿ ಇದ್ದುದರಿಂದ ಹೀಗೆ ಕಳೆದ ಪ್ರತಿಯೊಂದು ವರ್ಷವೂ ಮುಂದಿನ ಬಾಳಿನಿಂದ ಕತ್ತರಿಸಿಕೊಟ್ಟ ವರ್ಷವಾಗುತ್ತಿದ್ದಿತು. ಹೆಣ್ಣುಮಕ್ಕಳಿಗಂತೂ ಎರಡನೆಯ ಅವಕಾಶ ಅತಿ ದುರ್ಲಭ. ಮಗ ತಪ್ಪಿದರೆ ಮತ್ತೆ ಫೀಸು ಕಟ್ಟುತ್ತಿದ್ದ ತಂದೆ, ಮಗಳು ತಪ್ಪಿದರೆ ಜಾತಕವನ್ನು ಹೊರಕ್ಕೆ ತೆಗೆಯುತ್ತಿದ್ದನು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ವ್ಯಥೆಯನ್ನುಂಟುಮಾಡುವ ಭಾಗ ಇದೇ.

ಈ ನಿಯಮ ಎಂಥ ಮನುಷ್ಯನನ್ನು ಹೊರಗಿಡಬಲ್ಲುದೆಂಬುದಕ್ಕೆ ಶ್ರೀನಿವಾಸ ರಾಮಾನುಜನ್ನರ ವೃತ್ತಾಂತಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಮೆಟ್ರಿಕ್ಯುಲೇಷನ್ನನ್ನು ಕೀರ್ತಿಯಿಂದಲೇ ಮುಗಿಸಿ 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕುಂಭಕೋಣದ ಸರ್ಕಾರಿ ಕಾಲೇಜಿನ ಎಫ್.ಎ. (ಫಸ್ಟ್ ಆರ್ಟ್ಸ್) ತರಗತಿಯನ್ನು ಸೇರಿದ ಆ ಯುವಕ, ಗಣಿತವೊಂದರಲ್ಲಿಯೇ ಮಗ್ನನಾಗಿ ಇಂಗ್ಲಿಷಿನಲ್ಲಿ ತಪ್ಪಿದುದರಿಂದ ವೇತನವನ್ನು ಕಳೆದುಕೊಂಡನು. 1905ರಲ್ಲಿ ಯಾರಿಗೂ ಹೇಳದೆ ವಿಶಾಖಪಟ್ಟಣಕ್ಕೆ ಹೊರಟುಹೋದನು. ಮರಳಿ ಬಂದು, 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪನ ಕಾಲೇಜಿಗೆ ಸೇರಿ, ಅದೇ ಎಫ್.ಎ. ಪರೀಕ್ಷೆಗೆ ಹೊಸದಾಗಿ ಸಿದ್ಧನಾದನು. ಅಲ್ಲಿ ಗಣಿತವಲ್ಲದೆ ಶರೀರಶಾಸ್ತ್ರವನ್ನೂ ಓದಬೇಕಾಗಿದ್ದಿತು. ಆ ವರ್ಷ ಪರೀಕ್ಷೆಯಲ್ಲಿ ತಪ್ಪಿದನು. 1907ರಲ್ಲಿ ಮತ್ತೆ ಕುಳಿತು ಮತ್ತೆ ತಪ್ಪಿದನು. ಅಪೂರ್ವವಾದ ಪ್ರಮೇಯಗಳು ತುಂಬಿದ್ದ ನೋಟುಪುಸ್ತಕಗಳು ಆಗಲೇ ಅವನ ಕೈಯಲ್ಲಿ ಬೆಳೆಯುತ್ತಿದ್ದುವು. ಆದರೆ ಒಂದು ವಿಷಯದ ಪೂರ್ಣತೆ ಇನ್ನೊಂದರ ನ್ಯೂನತೆಗೆ ಪರಿಹಾರವಾಗಬಲ್ಲುದೆಂಬ ಮಾತಿಗೆ ನಿಯಮಾವಳಿಯಲ್ಲಿ ಸ್ಥಳವಿರಲಿಲ್ಲ. ಮುಂದೆ 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಗುಮಾಸ್ತೆಯಾದ ಅದೇ ಮನುಷ್ಯನಿಗೆ, 1913ರಲ್ಲಿ ಕೇಂಬ್ರಿಜ್ಜಿನಿಂದ ಗಣಿತಜ್ಞ ಹಾರ್ಡಿಯವರ ಪ್ರಶಂಸೆ ಬಂದ ತರುವಾಯ, ಅವನನ್ನು ಪದೇ ಪದೇ ಹಿಂದಕ್ಕೆ ಕಳುಹಿಸಿದ್ದ ವಿಶ್ವವಿದ್ಯಾನಿಲಯವೇ ತಿಂಗಳಿಗೆ 75 ರೂಪಾಯಿಗಳ ಸಂಶೋಧನ ವೇತನವನ್ನು ಕೊಟ್ಟಿತು. ಪದವಿಯಿಲ್ಲದವನಿಗೆ ಹೀಗೆ ಕೊಟ್ಟುದು ಆ ಸಂಸ್ಥೆಗೆ ಭೂಷಣವೇ ಸರಿ. ಆದರೆ ಹಾರ್ಡಿಯಂಥವರ ಕಣ್ಣಿಗೆ ಬೀಳದ ಉಳಿದವರಿಗೆ ಆ ನಿಯಮ ಎಂದಿನಂತೆಯೇ ನಡೆಯಿತು.

ಗಾಂಧೀಜಿಯವರೂ ಈ ದಾರಿಯನ್ನು ತುಳಿದವರೇ. ಬ್ಯಾರಿಸ್ಟರಿಕೆಗಾಗಿ ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕಟ್ಟಿ, ಮೊದಲನೆಯ ಸಲ ಲ್ಯಾಟಿನ್ನಿನಲ್ಲಿ ತಪ್ಪಿದರು. ಎದೆಗುಂದದೆ, ರಸಾಯನಶಾಸ್ತ್ರಕ್ಕೆ ಬದಲಾಗಿ ಉಷ್ಣ ಮತ್ತು ಬೆಳಕಿನ ವಿಷಯವನ್ನು ತೆಗೆದುಕೊಂಡು, ಖರ್ಚನ್ನೂ ಕಡಮೆಮಾಡಿಕೊಂಡು ಓದಿ, 1890ರಲ್ಲಿ ತೇರ್ಗಡೆಯಾದರು. ಅಲ್ಲಿ ಪರೀಕ್ಷೆ ಆರು ತಿಂಗಳಿಗೊಮ್ಮೆ ನಡೆಯುತ್ತಿದ್ದಿತೆಂಬುದನ್ನು ಇಲ್ಲಿ ಗಮನಿಸಬೇಕು. ಅಂದಿನ ಮದರಾಸಿನಲ್ಲಿ ಒಂದು ವರ್ಷವನ್ನು ನುಂಗುತ್ತಿದ್ದ ಅದೇ ತಪ್ಪಿಗೆ ಲಂಡನ್ನಿನಲ್ಲಿ ಅರ್ಧ ವರ್ಷದ ಬೆಲೆ ಮಾತ್ರ.

ಮೈಸೂರಿನಲ್ಲಿ ಆರ್. ಕೆ. ನಾರಾಯಣರ ಕತೆ ಬೇರೆ ಬಗೆಯದು. ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಮಗನಾದ ಅವರು ಅಂದಿನ ಯೂನಿವರ್ಸಿಟಿ ಎಂಟ್ರೆನ್ಸ್ ಪರೀಕ್ಷೆಯಲ್ಲಿ ತಪ್ಪಿದರು, ಅದೂ ಇಂಗ್ಲಿಷಿನಲ್ಲಿ. ಮರುವರ್ಷದ ಪರೀಕ್ಷೆ ಬರುವವರೆಗೆ ಮಾಡಬೇಕಾದ ನಿರ್ದಿಷ್ಟ ಕೆಲಸವಿಲ್ಲದ ಆ ಬಿಡುವಿನಲ್ಲಿ, ಕುಕ್ಕರಹಳ್ಳಿ ಕೆರೆಯ ಸುತ್ತ ತಿರುಗುತ್ತ, ತಂದೆಯ ಶಾಲೆಯ ಪುಸ್ತಕಭಂಡಾರದಲ್ಲಿ ಸಿಕ್ಕಿದ್ದನ್ನೆಲ್ಲ ತಮ್ಮ ಇಚ್ಛೆಯಂತೆ ಓದಿದರು. ಬರೆಹಗಾರನೊಬ್ಬ ತನ್ನ ಹಾದಿಯನ್ನು ಹಿಡಿದದ್ದು ಆ ಕಾಲದಲ್ಲಿಯೇ. ಮುಂದೆ 1930ರಲ್ಲಿ ಅವರು ಬಿ.ಎ. ಮುಗಿಸಿದರು. ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲದೆ, ತಂದೆ ಗದರಿಸದೆ, ಕೈಗೆ ಪುಸ್ತಕ ಎಟುಕುವಂತಿದ್ದರೆ ಆ ಎರಡನೆಯ ವರ್ಷ ವ್ಯರ್ಥವಾಗಲೇಬೇಕೆಂಬುದಿಲ್ಲ. ವಾರಾನ್ನದ ಹುಡುಗನಿಗೆ ಅದೇ ವರ್ಷ ಭಾರವಾದದ್ದು ಅವನ ಬುದ್ಧಿಯಲ್ಲಿದ್ದ ಭೇದದಿಂದಲ್ಲ.

ಸಾಹಿತಿ ಡಿ.ವಿ.ಜಿ.ಯವರಂತೂ ಮೆಟ್ರಿಕ್ಯುಲೇಷನ್ನನ್ನು ದಾಟಲೇ ಇಲ್ಲ. ಜೀವನೋಪಾಯವನ್ನು ಹುಡುಕಿಕೊಂಡು ಹೊರಟು, ಪತ್ರಿಕಾವೃತ್ತಿಯಲ್ಲಿ ನೆಲೆನಿಂತು, ಸ್ವಂತ ಪರಿಶ್ರಮದಿಂದ ಪಂಡಿತರಾದರು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನಿತ್ತಿತು.

ಸುಧಾರಣೆಗೆ ಪ್ರಯತ್ನವೇ ನಡೆಯಲಿಲ್ಲವೆನ್ನಲಾಗದು. ಮದರಾಸಿನಲ್ಲಿ 1911ರ ಸುಮಾರಿಗೆ ಮೆಟ್ರಿಕ್ಯುಲೇಷನ್ನಿನ ಸ್ಥಾನದಲ್ಲಿ ಬಂದ ಎಸ್.ಎಸ್.ಎಲ್.ಸಿ. ಪದ್ಧತಿಯ ಉದ್ದೇಶ ಉದಾತ್ತವಾದುದು: ಹುಡುಗ ಶಾಲೆಯಲ್ಲಿ ವರ್ಷವೆಲ್ಲ ಮಾಡಿದ ಕೆಲಸವನ್ನೂ ಸರ್ಟಿಫಿಕೇಟಿನ ಪುಸ್ತಕದಲ್ಲಿ ನಮೂದಿಸಿ, ಕಾಲೇಜಿಗೆ ಅರ್ಹನೋ ಅಲ್ಲವೋ ಎಂಬುದನ್ನು ಆ ಕೆಲಸವನ್ನೂ ಪರೀಕ್ಷೆಯ ಅಂಕಗಳನ್ನೂ ನೋಡಿ ಗೊತ್ತುಮಾಡಬೇಕೆಂಬುದು. ಕಾರ್ಯತಃ ಜನ ನೋಡಿದ್ದು ಸಾರ್ವಜನಿಕ ಪರೀಕ್ಷೆಯ ಅಂಕಗಳನ್ನೇ. 1929ರಲ್ಲಿ ಹಾರ್ಟಾಗ್ ಸಮಿತಿ ಮೆಟ್ರಿಕ್ಯುಲೇಷನ್ನಿನಲ್ಲಿ ತಪ್ಪುವವರ ಅಪಾರ ಸಂಖ್ಯೆಯನ್ನು ರಾಷ್ಟ್ರಕ್ಕಾಗುತ್ತಿರುವ ದೊಡ್ಡ ಅಪವ್ಯಯವೆಂದು ಕರೆಯಿತು. ಹಿಂದೊಮ್ಮೆ ಮೈಸೂರಿನಲ್ಲಿಯೇ ಪ್ರಾಧ್ಯಾಪಕರಾಗಿದ್ದ ರಾಧಾಕೃಷ್ಣನ್ನರ ಅಧ್ಯಕ್ಷತೆಯ ಆಯೋಗವಂತೂ 1949ರಲ್ಲಿ, ವಿಶ್ವವಿದ್ಯಾಭ್ಯಾಸದಲ್ಲಿ ಒಂದೇ ಒಂದು ಸುಧಾರಣೆಯನ್ನು ಹೇಳಬೇಕಾದರೆ ಅದು ಪರೀಕ್ಷೆಯ ಸುಧಾರಣೆಯೇ ಆಗಬೇಕೆಂದು ಸ್ಪಷ್ಟವಾಗಿ ಹೇಳಿತು. ಕ್ರಮೇಣ, ತಪ್ಪಿದವರು ಅದೇ ವರ್ಷ ಮತ್ತೆ ಕೂಡಬಹುದಾದ ಸೆಪ್ಟೆಂಬರ್ ಪರೀಕ್ಷೆ ಬಂದಿತು. ತಪ್ಪಿದ ವಿಷಯವನ್ನಷ್ಟೇ ಮತ್ತೆ ಬರೆಯಬಹುದೆಂಬ ನಿಯಮ ಬಂದಿತು. ಎಂಟ್ರೆನ್ಸೂ ಇಂಟರ್‌ಮೀಡಿಯೆಟ್ಟೂ ಹೋಗಿ ಪಿಯುಸಿ ಬಂದಿತು. 2024ರಲ್ಲಿ ಕರ್ನಾಟಕದಲ್ಲಿ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ನಡೆದು, ಅವುಗಳಲ್ಲಿ ಮೇಲಾದ ಅಂಕಗಳನ್ನು ಉಳಿಸಿಕೊಳ್ಳುವ ಅನುಕೂಲವೂ ಆಯಿತು. 1857ರ ನಿಯಮಗಳಲ್ಲಿ ಅತ್ಯಂತ ನಿಷ್ಠುರವಾದುವು ಹೀಗೆ ಒಂದೊಂದಾಗಿ ಸಡಿಲಿದುವು.

ಆದರೂ ಆ ಎರಡನೆಯ ವರ್ಷ ಅಳಿಯಲಿಲ್ಲ. ಅದರ ಕಾರಣ ಬದಲಾಯಿತು. ವೈದ್ಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸೀಟಿಗೆ ಪೈಪೋಟಿ ಹೆಚ್ಚಿ, 1993ರಲ್ಲಿ ಖಾಸಗಿ ಕಾಲೇಜುಗಳ ಪ್ರವೇಶದ ವಿಷಯವಾಗಿ ಸುಪ್ರೀಂ ಕೋರ್ಟಿನಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪು ಬಂದು, ಮರುವರ್ಷ ಕರ್ನಾಟಕದಲ್ಲಿ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭವಾದ ಮೇಲೆ, ಪಾಸು ನಪಾಸುಗಳ ಗೆರೆ ಹಿಂದೆ ಸರಿದು ರ‍್ಯಾಂಕಿನ ಗೆರೆ ಮುಂದೆ ಬಂದಿತು. ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿದ್ದರೂ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ ವರ್ಷಕ್ಕೆ ಒಂದೇ ಸಲ. ಮಂಗಳೂರು, ಮೂಡುಬಿದಿರೆಗಳ ಲಾಂಗ್ ಟರ್ಮ್ ತರಗತಿಗಳಲ್ಲಿ ಇಂದು ರಿಪೀಟರುಗಳೆಂದು ಕುಳಿತಿರುವ ಮಕ್ಕಳಲ್ಲಿ ಎಷ್ಟೋ ಮಂದಿ ಪಿಯುಸಿಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದವರು. ಗೆಜೆಟ್ಟಿನ ಕಾಲವಾಗಿದ್ದರೆ ಅವರ ನಂಬರುಗಳೆಲ್ಲ ಆ ಪಟ್ಟಿಯಲ್ಲಿ ಅಚ್ಚಾಗಿರುತ್ತಿದ್ದುವು. ಅವರ ಜೊತೆಯಲ್ಲಿ ಓದಿದ್ದು, ಒಂದು ವರ್ಷದ ಶುಲ್ಕವನ್ನೂ ವಸತಿಯ ವೆಚ್ಚವನ್ನೂ ಹೊಂದಿಸಲಾರದ ಮನೆಗಳ ಮಕ್ಕಳು, ಅಷ್ಟೇ ಅಂಕ ಬಂದಿದ್ದರೂ, ಅಲ್ಲಿ ಕುಳಿತಿಲ್ಲ.