ಕಳಚಿ ಬಿದ್ದ ಕಿರೀಟ



ಹಲ್ಲಿನ ಮೇಲೆ ದಂತವೈದ್ಯರು ತೊಡಿಸುವ ಹೊದಿಕೆಗೆ ಇಂಗ್ಲಿಷಿನಲ್ಲಿ ಕ್ರೌನ್ ಎಂದು ಹೆಸರು; ಎಂದರೆ ಕಿರೀಟ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮ್ಮ ಜನರು ಮಾತ್ರ ಅದನ್ನು ‘ಕ್ಯಾಪ್’ ಎಂದು ಕರೆದು, ಕಿರೀಟವನ್ನು ಟೊಪ್ಪಿಗೆಯ ಮಟ್ಟಕ್ಕೆ ಇಳಿಸಿದ್ದಾರೆ. ಕಿರೀಟ ಕಳಚುವ ಸಂಗತಿ ನಮ್ಮ ಸೀಮೆಗೆ ಹೊಸದೇನಲ್ಲ. ನೆರೆಯ ಮಿರಜ, ಸಾಂಗಲಿ, ಕುರುಂದವಾಡದ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ರಾಯಬಾಗವನ್ನು ಆಳುತ್ತಿದ್ದ ಕೊಲ್ಲಾಪುರ ಸಂಸ್ಥಾನವೂ 1949ರಲ್ಲಿ ಅದೇ ದಾರಿ ಹಿಡಿಯಿತು. ಆ ಕಿರೀಟಗಳು ಮರಳಲಿಲ್ಲ, ಮರಳಬೇಕಾಗಿಯೂ ಇರಲಿಲ್ಲ. ಹಲ್ಲಿನ ಕಿರೀಟ ಹಾಗಲ್ಲ. ಕಾಲ ಮೀರದಿದ್ದರೆ, ಬಿದ್ದುದನ್ನು ಮರಳಿ ಕೂಡಿಸಬಹುದು.

ಇದನ್ನು ಬರೆಯಲು ಕಾರಣವಿದೆ. ನಮ್ಮ ಬಂಧುಬಳಗದ ಹಿರಿಯ ತಾಯಿಯೊಬ್ಬರ ದವಡೆಹಲ್ಲಿನ ಕ್ಯಾಪ್ ಊಟ ಮಾಡುವಾಗ ಕಳಚಿತು. ಅವರು ಅದನ್ನು ತೊಳೆದು, ದೇವರ ಕೋಣೆಯಲ್ಲಿ ಅರಿಶಿನ ಕುಂಕುಮದ ಭರಣಿಯ ಪಕ್ಕಕ್ಕೆ ಜೋಪಾನವಾಗಿ ಇಟ್ಟರು. ‘ನೋವಿಲ್ಲವಲ್ಲ, ದೀಪಾವಳಿಗೆ ಮಗ ಬಂದಾಗ ನೋಡಿದರಾಯಿತು’ ಎಂದರು. ಏಳು ತಿಂಗಳ ಮೇಲೆ ಮಗ ಬಂದ. ಕ್ಯಾಪ್ ಹೊಸದರಂತೆಯೇ ಇತ್ತು. ಅದು ಕೂಡಬೇಕಾದ ಹಲ್ಲಿನ ಮೋಟು ಮಾತ್ರ ಒಸಡಿನ ಕೆಳಗಿನವರೆಗೆ ಕೊಳೆತುಹೋಗಿತ್ತು. ಅದನ್ನು ಕೀಳದೆ ಗತ್ಯಂತರವಿರಲಿಲ್ಲ. ‘ನೋವಿಲ್ಲವಲ್ಲ’ ಎಂಬ ಆ ಒಂದು ಮಾತಿನ ಹಿಂದೆ ದೀರ್ಘವಾದ ಇತಿಹಾಸವಿದೆ. ಅದನ್ನು ಸಂಕ್ಷೇಪವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಭೂಮಿ ಎರಡು ಬೆಳೆಗಳಿಂದ ಹೆಸರಾದುದು. ನಿಪ್ಪಾಣಿಯ ಕಡೆ ತಂಬಾಕು, ಕೃಷ್ಣೆಯ ದಂಡೆಗುಂಟ ಕಬ್ಬು. ಇವೆರಡೂ ನಮ್ಮ ಜನರಿಗೆ ಅನ್ನ ಕೊಟ್ಟವು. ಇವೆರಡೂ ಹಲ್ಲಿನ ವೈರಿಗಳು. ನಿಪ್ಪಾಣಿ ತಂಬಾಕಿನ ಪೇಟೆಯಾಗಿ, ಬೀಡಿಯ ಊರಾಗಿ ಬೆಳೆಯಿತು. ಹುರಿದ ತಂಬಾಕಿನ ಪುಡಿಯನ್ನು ‘ಮಿಶ್ರಿ’ ಎಂದು ಹೆಸರಿಟ್ಟು ಹಲ್ಲಿಗೆ ತಿಕ್ಕುವ ರೂಢಿ ಗಡಿಭಾಗದ ಹೆಂಗಸರಲ್ಲಿ ಬೇರೂರಿತು. ಹಲ್ಲು ಶುದ್ಧವಾಗುವುದೆಂಬ ನಂಬಿಕೆಯಿಂದ ಆರಂಭವಾದ ಈ ಚಟ ಒಸಡನ್ನೇ ಸವೆಸುತ್ತಿತ್ತು. ಇತ್ತ ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆಯ ಕಂಪನಿ ಸ್ಥಾಪನೆಯಾಯಿತು. ಅನಂತರದ ದಶಕಗಳಲ್ಲಿ ಚಿಕ್ಕೋಡಿ, ರಾಯಬಾಗಗಳ ಸುತ್ತಲೂ ಕಾರ್ಖಾನೆಗಳು ಎದ್ದವು. ಬೇವಿನ ಕಡ್ಡಿ, ಜಾಲಿಯ ಕಡ್ಡಿಗಳಿಂದ ಹಲ್ಲುಜ್ಜಿ, ಹಬ್ಬಕ್ಕೊಮ್ಮೆ ಸಿಹಿ ತಿನ್ನುತ್ತಿದ್ದ ಜನರು ದಿನಕ್ಕೆ ನಾಲ್ಕು ಬಾರಿ ಸಕ್ಕರೆಯ ಚಹಾ ಕುಡಿಯುವವರಾದರು.

ಹಲ್ಲು ಹಾಳಾಗುವ ಸಾಧನಗಳು ಹೀಗೆ ಬೇಗನೆ ಬಂದವು. ಅದನ್ನು ಉಳಿಸುವ ವಿದ್ಯೆ ಬರಲು ಬಹಳ ತಡವಾಯಿತು. ಅಮೆರಿಕದ ಮಿಶನ್ನಿನ ಡಾ. ವಿಲಿಯಂ ವಾನ್‌ಲೆಸ್ ಅವರು ಮಿರಜಿನಲ್ಲಿ 1894ರಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಅಥಣಿ, ಕಾಗವಾಡದ ಜನರು ದೊಡ್ಡ ಬೇನೆಗಳಿಗೆ ಅಲ್ಲಿಗೆ ಹೋಗುವುದು ರೂಢಿಯಾಯಿತು. ಆದರೆ ಹಲ್ಲುನೋವನ್ನು ದೊಡ್ಡ ಬೇನೆಯೆಂದು ಎಣಿಸಿದವರು ಯಾರು? ನನ್ನ ಬಾಲ್ಯದಲ್ಲಿ ಸಂತೆಯ ದಿನ ಒಬ್ಬಾತ ಇಕ್ಕಳ ಹಿಡಿದು ಕೂಡುತ್ತಿದ್ದ. ಕಿತ್ತ ಹಲ್ಲುಗಳ ರಾಶಿಯೇ ಅವನ ಅರ್ಹತಾಪತ್ರ.

ದೇಶದ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಅಮೆರಿಕದಲ್ಲಿ ಕಲಿತು ಬಂದ ಡಾ. ರಫೀಉದ್ದೀನ್ ಅಹ್ಮದ್ ಅವರು 1920ರಲ್ಲಿ ಕಲಕತ್ತೆಯಲ್ಲಿ ಆರಂಭಿಸಿದ್ದೇ ಭಾರತದ ಮೊದಲ ದಂತವೈದ್ಯಕೀಯ ಕಾಲೇಜು. ದಂತವೈದ್ಯರ ನೋಂದಣಿಗೆ ದೇಶವ್ಯಾಪಿ ಕಾನೂನು ಬಂದದ್ದು 1948ರಲ್ಲಿ. ಬೆಂಗಳೂರಿನ ಸರಕಾರಿ ದಂತವೈದ್ಯಕೀಯ ಕಾಲೇಜು 1958ರದು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತವೈದ್ಯಕೀಯ ಕಾಲೇಜು ಆರಂಭವಾದದ್ದು 1985ರಲ್ಲಿ. ಅಂದರೆ ನಮ್ಮ ಜಿಲ್ಲೆಯ ನೆಲದಲ್ಲಿ ಈ ವಿದ್ಯೆಯ ಬೋಧನೆ ನೆಲೆಗೊಂಡು ಇನ್ನೂ ಅರ್ಧ ಶತಮಾನವೂ ಆಗಿಲ್ಲ. ಅದಕ್ಕೂ ಮುಂಚಿನ ತಲೆಮಾರುಗಳಿಗೆ ಗೊತ್ತಿದ್ದ ದಂತವೈದ್ಯಶಾಸ್ತ್ರ ಒಂದೇ ಸೂತ್ರದ್ದು: ನೋವು ಬಂದರೆ ಕೀಳಿಸು, ನೋವು ಇಲ್ಲದಿದ್ದರೆ ಸುಮ್ಮನಿರು.

ಇನ್ನು ಈ ಕಿರೀಟ ಬಂದುದು ಎಲ್ಲಿಂದ? ಇಟಲಿಯ ಪ್ರಾಚೀನ ಎಟ್ರುಸ್ಕನ್ ಜನರು ಕ್ರಿಸ್ತಪೂರ್ವ ಕಾಲದಲ್ಲಿಯೇ ಚಿನ್ನದ ಪಟ್ಟಿಗಳಿಂದ ಹಲ್ಲು ಕಟ್ಟುತ್ತಿದ್ದರು. ಆದರೆ ಹಲ್ಲಿನ ಆಕಾರಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಲೋಹವನ್ನು ಎರಕ ಹೊಯ್ಯುವ ಕ್ರಮವನ್ನು ದಂತವೈದ್ಯದಲ್ಲಿ ಬಳಕೆಗೆ ತಂದ ಕೀರ್ತಿ ಅಮೆರಿಕದ ವಿಲಿಯಂ ಟ್ಯಾಗರ್ಟ್ ಅವರದು. ಅದನ್ನು ಅವರು 1907ರಲ್ಲಿ ಪ್ರಕಟಪಡಿಸಿದರು. ಮೇಣದಲ್ಲಿ ಆಕೃತಿ ಮಾಡಿ, ಅದರ ಸುತ್ತ ಅಚ್ಚು ಕಟ್ಟಿ, ಕಾಯಿಸಿ ಮೇಣವನ್ನು ಹೊರಗೆ ಕಳೆದು, ಆ ಬರಿದಾದ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯುವುದು ಅದರ ಮರ್ಮ.

ಇದನ್ನು ಓದಿದಾಗ ನನಗೆ ರೋಮಾಂಚನವಾಯಿತು. ಏಕೆಂದರೆ ಇದೇ ಕ್ರಮವನ್ನು ವಿಗ್ರಹಗಳ ಎರಕಕ್ಕಾಗಿ ವಿವರವಾಗಿ ಬರೆದಿಟ್ಟವನು ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿತವಾದ ಅವನ ‘ಮಾನಸೋಲ್ಲಾಸ’ದಲ್ಲಿ ಅದು ಇದೆ. ಜೇನುಮೇಣಕ್ಕೆ ಸಂಸ್ಕೃತದಲ್ಲಿ ಮಧೂಚ್ಛಿಷ್ಟವೆಂದು ಹೆಸರು, ಎಂದರೆ ಜೇನಿನ ಎಂಜಲು. ತಾಂಬೂಲದ ಭೋಗವನ್ನು ವರ್ಣಿಸುವುದೂ ಅದೇ ಗ್ರಂಥ! ಹಲ್ಲನ್ನು ಕೆಂಪಾಗಿಸುವ ಸುಖವೂ, ಎಂಟು ಶತಮಾನಗಳ ಬಳಿಕ ಹಲ್ಲಿಗೆ ಹೊದಿಕೆ ಮಾಡಲು ಒದಗಿದ ಕುಶಲತೆಯೂ ಒಂದೇ ಅರಸನ ಪುಸ್ತಕದಲ್ಲಿ ಕುಳಿತಿವೆ. ಇಂದು ಕ್ಯಾಪ್‌ಗಳು ಪಿಂಗಾಣಿ, ಜಿರ್ಕೋನಿಯಾಗಳಲ್ಲಿಯೂ ಬರುತ್ತವೆ. ಗಣಕಯಂತ್ರವೇ ಅವನ್ನು ಕೊರೆಯುತ್ತದೆ. ಆದರೆ ಲೋಹದ ಕ್ಯಾಪ್ ಹಾಕಿಸಿಕೊಂಡ ನಮ್ಮ ಹಿರಿಯರ ಬಾಯಿಯಲ್ಲಿರುವುದು ಬಹುಮಟ್ಟಿಗೆ ಈ ಮೇಣದ ವಿದ್ಯೆಯ ಫಲ.

ಕಿರೀಟ ತಲೆಯ ಮೇಲೆ ನಿಲ್ಲುವುದು ಭಾರದಿಂದ. ಹಲ್ಲಿನ ಮೇಲೆ ನಿಲ್ಲುವುದು ಮೋಟಿನ ಬಿಗಿ ಹಿಡಿತ ಮತ್ತು ತೆಳ್ಳನೆಯ ಸಿಮೆಂಟಿನಿಂದ. ಸತುವಿನ ಫಾಸ್ಫೇಟ್ ಸಿಮೆಂಟು 19ನೆಯ ಶತಮಾನದ ಕೊನೆಯಿಂದ ಬಳಕೆಯಲ್ಲಿದೆ. ಗಾಜಿನ ಪುಡಿಯಿಂದ ಮಾಡುವ ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟನ್ನು ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬ ವಿಜ್ಞಾನಿಗಳು 1970ರ ದಶಕದ ಆರಂಭದಲ್ಲಿ ಬಳಕೆಗೆ ತಂದರು. ತಾತ್ಕಾಲಿಕವಾಗಿ ಕೂಡಿಸುವ ಸಿಮೆಂಟುಗಳಲ್ಲಿ ಹಳೆಯದೊಂದಕ್ಕೆ ಲವಂಗದ ಎಣ್ಣೆಯ ಸತ್ವವೇ ಜೀವಾಳ. ನಮ್ಮ ಅಜ್ಜಿಯರು ಹಲ್ಲಿನ ಸಂದಿಗೆ ಇಡುತ್ತಿದ್ದ ಲವಂಗದ ಪರಿಮಳ ದಂತವೈದ್ಯರ ಕೋಣೆಯಲ್ಲಿ ಇಂದಿಗೂ ಏಕೆ ಬರುತ್ತದೆಂಬುದಕ್ಕೆ ಉತ್ತರ ಇಲ್ಲಿದೆ. ಈ ಸಿಮೆಂಟು ವರ್ಷಗಳು ಕಳೆದಂತೆ ಸವೆಯಬಹುದು. ಕೆಳಗಿನ ಮೋಟಿಗೆ ಹುಳುಕು ಹತ್ತಬಹುದು. ಅಂಟಾದ ತಿನಿಸು ಕ್ಯಾಪನ್ನು ಹಿಡಿದು ಎಳೆಯಬಹುದು.

ನನ್ನ ಮೇಲಿನ ಮುಂಭಾಗದ ಹಲ್ಲಿನ ಕ್ಯಾಪನ್ನು ಎಳೆದುಕೊಂಡು ಹೋದದ್ದು ಗೋಕಾಕದ ಕರದಂಟು. ನಲವತ್ತು ವರ್ಷ ಮಕ್ಕಳಿಗೆ ವರ್ಣಮಾಲೆಯನ್ನು ಕಲಿಸಿದ ಮಾಸ್ತರ ನಾನು. ತ, ಥ, ದ, ಧ, ನ ಇವು ದಂತ್ಯಗಳು, ನಾಲಿಗೆ ಹಲ್ಲನ್ನು ಮುಟ್ಟಿದಾಗ ಹುಟ್ಟುವ ಅಕ್ಷರಗಳು ಎಂದು ಎಷ್ಟು ಮಂದಿಗೆ ಹೇಳಿದ್ದೆನೋ! ಆ ಸಂಜೆ ‘ದಂತ’ ಎಂಬ ಶಬ್ದವೇ ನನ್ನ ಬಾಯಿಂದ ನೆಟ್ಟಗೆ ಹೊರಡಲಿಲ್ಲ, ‘ಸ’ಕಾರ ಸಿಳ್ಳೆಯಾಯಿತು. ಫೋನಿನಲ್ಲಿ ಮಾತನಾಡಿದ ಮೊಮ್ಮಗಳು ‘ಅಜ್ಜಾ, ನೀವೇನಾ?’ ಎಂದು ಕೇಳಿದಳು. ಮರುದಿನವೇ ವೈದ್ಯರ ಬಳಿ ಹೋದೆ. ಅವರು ಮೋಟನ್ನು ಪರೀಕ್ಷಿಸಿ, ಶುಚಿಗೊಳಿಸಿ, ಅದೇ ಕ್ಯಾಪನ್ನು ಅರ್ಧ ತಾಸಿನಲ್ಲಿ ಮರಳಿ ಕೂಡಿಸಿದರು.

ಹಾಗಾದರೆ ಆ ತಾಯಿಗೂ ನನಗೂ ವ್ಯತ್ಯಾಸವೇನು? ಅದೃಷ್ಟವಲ್ಲ, ಏಳು ತಿಂಗಳು. ಮುಂಭಾಗದ ಹಲ್ಲಾದ್ದರಿಂದ ನಾಚಿಕೆ ನನ್ನನ್ನು ಓಡಿಸಿತು. ಅವರದು ದವಡೆಹಲ್ಲು, ಕಾಣಿಸಲಿಲ್ಲ, ನೋಯಲೂ ಇಲ್ಲ. ನೋಯುವುದಾದರೂ ಹೇಗೆ? ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನೊಳಗಿನ ನರವನ್ನೇ ತೆಗೆದಿರುತ್ತಾರೆ. ಆ ಮೋಟು ತೆರೆದು ಬಿದ್ದಾಗ ಎಂಜಲು ಒಳಗಿಳಿಯುತ್ತದೆ, ಹುಳುಕು ಹರಡುತ್ತದೆ, ಅಕ್ಕಪಕ್ಕದ ಹಲ್ಲುಗಳು ಸರಿದು ಜಾಗ ಕಿರಿದಾಗುತ್ತದೆ. ಇಷ್ಟೆಲ್ಲ ನಡೆದರೂ ಸುದ್ದಿ ಮುಟ್ಟಿಸುವವರಿಲ್ಲ. ನೋವೆಂಬುದು ನಮ್ಮ ಹಿರಿಯರ ಪಾಲಿಗೆ ಡಂಗುರದವನಿದ್ದಂತೆ. ಅವನು ಸಾರಿದ ಮೇಲೆಯೇ ಎದ್ದೇಳುವ ರೂಢಿ ನಮ್ಮದು. ಕ್ಯಾಪ್ ಇರುವ ಹಲ್ಲಿನಲ್ಲಿ ಎಷ್ಟೋ ಸಲ ಆ ಡಂಗುರದವನೇ ಇರುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯಿರಿ, ಅದು ನಮ್ಮ ಪದ್ಧತಿ. ಕ್ಯಾಪ್ ಬಿದ್ದರೆ ಎಸೆಯಬೇಡಿ. ತೊಳೆದು ಸಣ್ಣ ಡಬ್ಬಿಯಲ್ಲಿಟ್ಟು ಒಂದೆರಡು ದಿನಗಳಲ್ಲಿ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಆ ಬದಿಯಲ್ಲಿ ಅಗಿಯಬೇಡಿ. ಮೋಟನ್ನು ಮೆತ್ತಗೆ ಉಜ್ಜಿ ಶುಚಿಯಾಗಿಡಿ. ಅಂಗಡಿಯ ಗೋಂದಿನಿಂದ ಅಂಟಿಸಲೇಬೇಡಿ. ಸಡಿಲಾದ ಕ್ಯಾಪನ್ನು ಬಾಯಲ್ಲಿಟ್ಟುಕೊಂಡು ಮಲಗಬೇಡಿ, ನಿದ್ದೆಯಲ್ಲಿ ಶ್ವಾಸನಾಳಕ್ಕೆ ಜಾರಬಹುದು. ನುಂಗಿದ ಕ್ಯಾಪ್ ಸಾಮಾನ್ಯವಾಗಿ ತಾನೇ ಹೊರಬೀಳುತ್ತದೆ; ಆದರೂ ವೈದ್ಯರಿಗೆ ತಿಳಿಸಿ. ಕೆಮ್ಮು ಹತ್ತಿದರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ದೂರದ ಊರುಗಳಲ್ಲಿರುವ ಮಕ್ಕಳಿಗೆ ಇನ್ನೊಂದು ಮಾತು. ತಂದೆತಾಯಿಗಳಿಗೆ ಫೋನು ಮಾಡಿದಾಗ ‘ಎಲ್ಲಾ ಆರಾಮ ಇದ್ದೀರಾ?’ ಎಂದಷ್ಟೇ ಕೇಳಿ ಬಿಡಬೇಡಿರಿ. ನೋವಿಲ್ಲದವರು ಆರಾಮ ಎಂದೇ ಹೇಳುತ್ತಾರೆ. ‘ಎರಡೂ ಬದಿಯಿಂದ ರೊಟ್ಟಿ ಅಗಿಯಲು ಬರುತ್ತದೆಯೇ?’ ಎಂದು ಕೇಳಿ ನೋಡಿರಿ. ದೀಪಾವಳಿಗಾಗಿ ಕಾದಿಟ್ಟ ಎಷ್ಟೋ ಸಂಗತಿಗಳು ಆಗ ಹೊರಬರುತ್ತವೆ.